ಕೀರಲು ದನಿಯ ಟ್ಯಾಕ್ಸಿ

ಟ್ಯಾಕ್ಸಿ ಅಂಗಡಿಯ ಬಾಗಿಲಿಗೆ ಮೂತಿ ತಾಗಿಸುವಷ್ಟು ಹತ್ತಿರ ಬಂದು ನಿಂತಿತು. ಕಿಟಕಿಗಳೆಲ್ಲ ಇಳಿದಿದ್ದವು. ಸ್ಪೀಕರುಗಳಲ್ಲಿ ಹಾಡಿಗಿಂತ ಜೋರಾಗಿ ಒಂದು ಕೀರಲು ದನಿ. ಅಣ್ಣ ಆಕ್ಸಿಲರೇಟರ್ ಒತ್ತಿದಂತೆಲ್ಲ ಅದು ಏರಿತು, ಬಿಟ್ಟಾಗ ಇಳಿಯಿತು.

"ಕೇಳು," ಎಂದ ಅಣ್ಣ, ಸೀಟಿನಿಂದ ಏಳದೆ. "ನೀನು ಹಾಕಿಕೊಟ್ಟ ಸಂಗೀತ."

ಅಂಗಡಿಯೊಳಗಿದ್ದ ತಮ್ಮ, ಕೈಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. ಪ್ರತಿ ವೈರನ್ನೂ ಎಳೆದೆಳೆದು ನೋಡಿ ಮೊನ್ನೆ ತಾನೇ ಕೂರಿಸಿದ ಸ್ಟೀರಿಯೋ ಅದು. ಹಿಂದಿನ ಸೀಟಿನಿಂದ ಟ್ಯಾಕ್ಸಿ ಚಾಲಕರ ಸಂಘದ ಅಧ್ಯಕ್ಷರು ಇಳಿದರು. ಸಂಘದ ಗಾಡಿಗಳಿಗೆಲ್ಲ ಇದೇ ಅಂಗಡಿಯಲ್ಲಿ ಸೆಟ್ಟು ಹಾಕಿಸುವ ಮಾತಾಗಿತ್ತು. ಅಣ್ಣನ ಗಾಡಿಯೇ ಮೊದಲ ಪರೀಕ್ಷೆ. ಫಲಿತಾಂಶ ಅಧ್ಯಕ್ಷರ ಮುಖದ ಮೇಲೇ ಬರೆದಿತ್ತು.

"ಹಾಕಿದ ದಿನ ಸರಿ ಇತ್ತಲ್ಲ, ಅಣ್ಣ?"

"ಒಂದು ದಿನ ಇತ್ತು. ನಿನ್ನ ಅತ್ತಿಗೆ ಕೂತು ತನಗೆ ಬೇಕಾದ ರೇಡಿಯೋ ಸ್ಟೇಷನ್ ಎಲ್ಲ ಸೇವ್ ಮಾಡಿಟ್ಟಳು. ಮರುದಿನ ಸಂಜೆ ನೋಡಿದ್ರೆ ಒಂದೂ ಇಲ್ಲ, ಮೇಲಿಂದ ಈ ಕೀರಾಟ. ಓಬೀರಾಯನ ಕಾಲದ ಮಾಲನ್ನ ಹೊಸ ಡಬ್ಬಕ್ಕೆ ತುಂಬಿ ಒಡಹುಟ್ಟಿದವನಿಗೇ ಟೋಪಿ ಹಾಕ್ತೀಯಾ?"

"ಮರುದಿನ ಗಾಡಿ ಎಲ್ಲಿತ್ತು?"

"ಬ್ರೇಕ್ ಮಾಡಿಸೋಕೆ ಗ್ರೀಸ್ ಹತ್ರ."

ಗ್ರೀಸ್ ಎಂದರೆ ಎದುರು ಗ್ಯಾರೇಜಿನ ಮೆಕ್ಯಾನಿಕ್. ಎಷ್ಟು ತೊಳೆದರೂ ಉಗುರಿನ ಕಪ್ಪು ಹೋಗದವನು. ಸಂಘದ ಕೆಲಸದ ಮೇಲೆ ಅವನಿಗೂ ಕಣ್ಣಿತ್ತು. ತಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ರಸ್ತೆ ದಾಟಿ, ಅವನ ಕಾಲರ್ ಹಿಡಿದು ದರದರ ಎಳೆದು ತಂದ.

"ಕೈ ತೆಗಿ," ಎಂದ ಗ್ರೀಸ್. "ಬ್ರೇಕ್ ಬಿಟ್ಟು ಬೇರೇನೂ ಮುಟ್ಟಿಲ್ಲ ನಾನು."

"ಕೈ ತೆಗೆಯೋ," ಎಂದು ಇನ್ನೊಂದು ದನಿಯೂ ಹೇಳಿತು.

ಅಕ್ಕ. ಆಗಷ್ಟೇ ಸ್ಕೂಟರಿನಿಂದ ಇಳಿದವಳು, ಅಣ್ಣತಮ್ಮ ಇಬ್ಬರಿಗೂ ಹಿರಿಯಳು. ವಿಮಾ ಕಂಪನಿಯ ಪರವಾಗಿ ಅಪಘಾತದ ಗಾಡಿಗಳನ್ನು ಪರೀಕ್ಷಿಸುವವಳು. ಸುಳ್ಳು ಕ್ಲೇಮು ಹಿಡಿಯುವುದರಲ್ಲಿ ಎತ್ತಿದ ಕೈ. ತಮ್ಮಂದಿರಿಬ್ಬರ ಮೇಲೂ ಅವಳಿಗೆ ಅಂಥ ಮಮತೆಯೇನಿರಲಿಲ್ಲ. ಆ ಕಾರಣಕ್ಕೇ ಅಧ್ಯಕ್ಷರು ಬರುವ ದಾರಿಯಲ್ಲೇ ಫೋನ್ ಮಾಡಿ ಅವಳನ್ನು ಕರೆಸಿದ್ದರು.

ಅವಳು ಎಂಜಿನ್ ಆಫ್ ಮಾಡಿಸಿದಳು. ಹಾಡು ಸ್ವಚ್ಛವಾಗಿ ಕೇಳಿತು. ಆನ್ ಮಾಡಿಸಿದಳು. ಕೀರಲು ದನಿ ಮರಳಿತು.

"ಸೆಟ್ಟು ಸರಿಯಾಗಿದೆ. ತಪ್ಪಿರೋದು ಅರ್ತ್ ವೈರ್‌ನಲ್ಲಿ. ಡಿಕ್ಕಿ ತೆಗಿ."

ಡಿಕ್ಕಿಯಲ್ಲಿ ಆಂಪ್ಲಿಫೈಯರ್ ಇತ್ತು. ಅದರ ಅರ್ತ್ ವೈರನ್ನು ಗಾಡಿಯ ತಗಡಿಗೆ ಒಂದು ಬೋಲ್ಟು ಹಿಡಿದಿತ್ತು.

"ಗ್ರೀಸ್, ನೀನು ಬಿಚ್ಚು."

"ಅವನ ಕೈಯಲ್ಲಾ?" ಎಂದ ತಮ್ಮ.

"ನಿನ್ನನ್ನ ಕೇಳಲಿಲ್ಲ."

ಗ್ರೀಸ್ ನೇರವಾಗಿ ಸ್ಪ್ಯಾನರನ್ನು ಬೋಲ್ಟಿಗಿಟ್ಟ.

"ಮೊದಲು ಬ್ಯಾಟರಿ ಕಳಚಲ್ವಾ?" ಎಂದಳು ಅಕ್ಕ.

"ಇಷ್ಟಕ್ಕೆಲ್ಲ ಬ್ಯಾಟರಿ ಯಾಕೆ ಮೇಡಂ? ಯಾವತ್ತೂ ಕಳಚಿದೋನಲ್ಲ ನಾನು."

"ಅದು ಮಾತ್ರ ನಿಜ," ಎಂದರು ಅಧ್ಯಕ್ಷರು. "ಅದಕ್ಕೇ ನಮ್ಮವರ ಹತ್ರ ದಿನಾ ಬೈಸಿಕೊಳ್ತಾನೆ."

ಬೋಲ್ಟು ಬಂತು. ಅಕ್ಕ ವೈರಿನ ತುದಿಯ ಉಂಗುರವನ್ನು ಬೆಳಕಿಗೆ ಹಿಡಿದಳು. ತಗಡಿಗೆ ಸರಿಯಾಗಿ ತಾಗದಂತೆ ಅದರ ಎರಡೂ ಬದಿಗೆ ತೆಳ್ಳಗಿನ ಟೇಪು ಅಂಟಿಸಿತ್ತು.

"ಇದು ನಂದಲ್ಲ," ಎಂದ ತಮ್ಮ. "ನಾನು ಪೇಂಟ್ ಕೆರೆದು ಬರೀ ತಗಡಿಗೆ ಕೂರಿಸಿದ್ದೆ. ಕೆರೆದ ಜಾಗ ಹೊಳೀತಾ ಇದೆ, ನೋಡು."

"ಮತ್ತೆ ಗ್ರೀಸೇ," ಎಂದ ಅಣ್ಣ. "ಇನ್ಯಾರು?"

ಅಕ್ಕ ಅವನತ್ತ ತಿರುಗಿದಳು.

"ಬ್ರೇಕ್ ಆದಮೇಲೆ ಗಾಡಿ ಎಲ್ಲಿತ್ತು?"

"ಮನೆ ಶೆಡ್ಡಲ್ಲಿ. ಬೀಗ ಹಾಕಿ."

"ಬೀಗದ ಕೈ?"

"ನನ್ನ ಹತ್ರಾನೇ."

"ನಿನ್ನ ಹೆಂಡತಿ?"

"ಬೆಳಿಗ್ಗೆಯೇ ತವರಿಗೆ ಹೋಗಿದ್ದಳು. ಇದೆಲ್ಲ ಯಾಕೆ?"

"ಯಾಕಂದ್ರೆ ಈ ಸೆಟ್ಟು ಸುಮ್ಮನೆ ಸ್ಟೇಷನ್ ಮರೆಯಲ್ಲ. ಬ್ಯಾಟರಿ ಕಳಚಿದಾಗ ಮಾತ್ರ ಮರೆಯುತ್ತೆ. ಸ್ಟೇಷನ್ ಎಲ್ಲ ಹೋಯ್ತು ಅಂತ ನೀನೇ ಬಾಯಿಬಿಟ್ಟು ಹೇಳಿದೆಯಂತೆ. ಅಧ್ಯಕ್ಷರು ಫೋನಲ್ಲಿ ಅಂದರು. ಎಲ್ಲರೂ ಕೀರಲು ದನಿ ಹಿಡಿದು ಜಗಳಕ್ಕೆ ಬಿದ್ರಿ, ಮರೆವಿನ ಮಾತು ಯಾರ ಕಿವಿಗೂ ಬೀಳಲಿಲ್ಲ. ಟೇಪು ಅಂಟಿಸಿದವನು ಮೊದಲು ಬ್ಯಾಟರಿ ಕಳಚಿದ್ದಾನೆ. ಗ್ರೀಸ್ ಕಳಚೋನಲ್ಲ. ನಿನ್ನ ತಮ್ಮನ ಕೈಗೆ ಸೆಟ್ಟು ಹಾಕಿದಮೇಲೆ ಗಾಡಿ ಸಿಕ್ಕಿಲ್ಲ. ವೈರು ಮುಟ್ಟೋ ಮೊದಲು ಬ್ಯಾಟರಿ ಕಳಚು ಅಂತ ಅಪ್ಪ ಬೆನ್ನಿಗೆ ಬಾರಿಸಿ ಕಲಿಸಿದ್ದು ನಿನಗೆ. ಬೀಗದ ಕೈಯೂ ನಿನ್ನ ಹತ್ರ. ಮಾಡಿದವನು ನೀನೇ."

ಅಣ್ಣ ಸ್ಟಿಯರಿಂಗ್ ಬಿಟ್ಟು ಕೆಳಗಿಳಿದ.

"ಸ್ಟ್ಯಾಂಡಲ್ಲಿ ನನ್ನನ್ನ ಏನಂತ ಕರೀತಾರೆ ಗೊತ್ತಾ ಈಗ? 'ಸ್ಟೀರಿಯೋದವನ ಅಣ್ಣ.' ಇಷ್ಟು ವರ್ಷ ಗಾಡಿ ಓಡಿಸಿದ್ದು ನಾನು, ಸಂಘ ಕಟ್ಟೋಕೆ ಓಡಾಡಿದ್ದು ನಾನು. ಇವನು ಒಂದು ಸ್ಕ್ರೂ ತಿರುಗಿಸಿದ, ಊರೆಲ್ಲ ಇವನ ಹೆಸರು. ಗಾಡಿಗೊಂದು ಸೆಟ್ಟು ಹಾಕಿಬಿಟ್ರೆ ನಾನು ಸಾಯೋವರೆಗೂ ಅದೇ ಕೇಳಬೇಕಿತ್ತು."

"ಅದಕ್ಕೆ ನನ್ನ ಅನ್ನಕ್ಕೇ ಕಲ್ಲು ಹಾಕೋದಾ?"

ತಮ್ಮ ಟೇಪು ಕಿತ್ತು, ಉಂಗುರವನ್ನು ಒರೆಸಿ, ಬೋಲ್ಟು ಬಿಗಿದ. ಎಂಜಿನ್ ಓಡುತ್ತಿದ್ದರೂ ಹಾಡು ತಿಳಿಯಾಗಿ ಕೇಳಿತು. ಯಾರಿಗೂ ಅದು ಬೇಕಾಗಿರಲಿಲ್ಲ. ಗ್ರೀಸೇ ಆಗಿದ್ದರೆ ಬೈದು ಕೈ ತೊಳೆದುಕೊಳ್ಳಬಹುದಿತ್ತು ಎಂದು ತಮ್ಮನಿಗೆ ಅನ್ನಿಸಿತು.

"ನನ್ನ ಕಾಲರ್ ಹಿಡಿದೆಯಲ್ಲ, ಅದಕ್ಕೇನಂತೀಯ?" ಎಂದ ಗ್ರೀಸ್.

"ತಪ್ಪಾಯ್ತು."

"ಬಾಯಿಮಾತಿಗೆ ಹೇಳಬೇಡ. ನಾಳೆಯಿಂದ ನನ್ನ ಗ್ಯಾರೇಜ್ ಕಡೆ ತಲೆ ಹಾಕಬೇಡ." ಸ್ಪ್ಯಾನರ್ ಎತ್ತಿಕೊಂಡು ಹೊರಟೇಹೋದ.

ಅಣ್ಣ ಹಾಡು ನಿಲ್ಲಿಸಿ, ಯಾರ ಮುಖವನ್ನೂ ನೋಡದೆ ಗಾಡಿ ಹಿಂದಕ್ಕೆ ತೆಗೆದ. ಅಕ್ಕನೂ ಸ್ಕೂಟರ್ ಹತ್ತಿದಳು. ಅಧ್ಯಕ್ಷರು ಮಾತ್ರ ಉಳಿದರು.

"ಆಗಿದ್ದು ಆಯ್ತು. ನಾಳೆಯಿಂದ ಗಾಡಿ ಕಳಿಸ್ತೀನಿ. ಏನಾದ್ರೂ ಷರತ್ತಿದ್ರೆ ಈಗಲೇ ಹೇಳಿಬಿಡು."

ತಮ್ಮ ರಸ್ತೆಯ ತಿರುವಿನತ್ತ ನೋಡಿದ. ಟ್ಯಾಕ್ಸಿ ಆಗಲೇ ಮರೆಯಾಗಿತ್ತು.

"ಒಂದೇ ಒಂದು," ಎಂದ. "ನನ್ನನ್ನ ಯಾರೂ ಅವನ ತಮ್ಮ ಅಂತ ಕರೀಬಾರದು."