ಹಾರ್ಟು ಬಂದ ದಿನ ಜೆಲ್ ಕೆಡುತ್ತಿತ್ತು

“ಇವತ್ತೂ ಗಟ್ಟಿ ಆಗ್ಲಿಲ್ವಾ?” ಎಂದು ಅವನು ಬಾಗಿಲಲ್ಲಿ ನಿಂತು ಕೇಳಿದಾಗ ನನಗೆ ಮೈಯೆಲ್ಲ ಉರಿಯಿತು.

ನಾನು ಲ್ಯಾಬಿನಲ್ಲಿ ಜೆಲ್ ಮಾಡುವವಳು. ಅವನು ಹೃದಯದ ಜೀವಕೋಶ ಬೆಳೆಸುವವನು, ಎಲ್ಲರ ಬಾಯಲ್ಲೂ ‘ಹಾರ್ಟು’. ನನ್ನ ಜೆಲ್ ಮೆತ್ತಗೆ ಕಟ್ಟಿಕೊಂಡರೆ ಅವನ ಜೀವಕೋಶಗಳು ಅದರೊಳಗೆ ಬದುಕುತ್ತವೆ. ಇಲ್ಲವಾದರೆ ತಳ ಸೇರಿ ಸಾಯುತ್ತವೆ. ಈಗಾಗಲೇ ಬಹಳಷ್ಟು ಸತ್ತಿದ್ದವು. ಉಳಿದದ್ದು ಒಂದೇ ಟ್ಯೂಬ್ ಜೀವಕೋಶ. ಅದೂ ಹೋದರೆ ಅವನ ಪ್ರಾಜೆಕ್ಟ್ ಮುಗಿದಂತೆ, ಅವನೂ ಈ ಲ್ಯಾಬ್ ಬಿಟ್ಟಂತೆ.

“ನೀವಿಲ್ಲದ ದಿನ ಚೆನ್ನಾಗೇ ಆಗತ್ತೆ. ನಿಮ್ ಕಣ್ಣೇ ಬಿದ್ದಿರ್ಬೇಕು!”

“ಬಿದ್ದಿರೋದು ಜೆಲ್ ಮೇಲಲ್ಲ ಮೇಡಂ,” ಎಂದವನ ಕಿವಿ ಕೆಂಪಾಯಿತು.

ನಾಚಲು ನನಗೆ ಪುರುಸೊತ್ತಾಗಲಿಲ್ಲ. ಸಿಟ್ಟಿನಲ್ಲಿ ಆಡಿದ ಮಾತು ನಿಜವೇ ಆಗಿತ್ತು. ಅವನು ಬಂದ ದಿನವೇ ಜೆಲ್ ಕೆಡುತ್ತಿತ್ತು.

ಜೆಲ್ಲಿಗೆ ಹಾಕುವ ಪೆಪ್ಟೈಡ್ ಎಂಬ ಪುಟ್ಟ ಪ್ರೋಟೀನ್ ತುಣುಕಿನ ಎರಡೂ ತುದಿಯಲ್ಲಿ ಸಿಸ್ಟೀನ್ ಎಂಬ ಅಮೈನೋ ಆಮ್ಲ ಇರುತ್ತದೆ. ಅದರ ಗಂಧಕ, ಉದ್ದನೆಯ ಎಳೆಗಳಂಥ ಪಾಲಿಮರ್‌ನ ಕೈ ಹಿಡಿದರೆ ಬಲೆ ಕಟ್ಟಿಕೊಳ್ಳುತ್ತದೆ. ಪೆಪ್ಟೈಡನ್ನು ಕರಗಿಸಿದ ಕೂಡಲೇ ಪಾಲಿಮರ್ ಜೊತೆ ಬೆರೆಸಬೇಕು. ನಾನೋ, ಕರಗಿಸಿಟ್ಟು ಅವನ ಜೊತೆ ಹರಟೆಗೆ ಕೂರುತ್ತಿದ್ದೆ! ಅಷ್ಟರಲ್ಲಿ ಗಾಳಿ ತಗುಲಿ ಸಿಸ್ಟೀನ್‌ಗಳು ತಮ್ಮತಮ್ಮಲ್ಲೇ ಕೈ ಹಿಡಿದುಕೊಂಡುಬಿಡುತ್ತಿದ್ದವು. ಪಾಲಿಮರ್‌ಗೆ ಕೊಡಲು ಕೈ ಉಳಿಯುತ್ತಿರಲಿಲ್ಲ.

“ದಿನಾ ಕೆಲಸ ಕೆಟ್ರೂ ಇಷ್ಟು ಖುಷಿಯಾಗಿರೋರನ್ನ ನಾನೆಲ್ಲೂ ನೋಡಿಲ್ಲ ಕಣೇ,” ಎಂದು ಅಕ್ಕ ಫೋನಿನಲ್ಲಿ ಚುಡಾಯಿಸಿದ್ದು ಈಗ ಅರ್ಥವಾಯಿತು.

ಅವನಿಗೆ ಎಲ್ಲ ಹೇಳಿದೆ. “ಹಾಗಾದ್ರೆ ನಾನು ಬಾಯಿ ಮುಚ್ಕೊಂಡಿರ್ತೀನಿ,” ಎಂದು ಹೋಗಿ ಕೊನೆಯ ಟ್ಯೂಬ್ ತಂದ. ನಾನು ಪೆಪ್ಟೈಡ್ ಕರಗಿಸಿದೆ, ಜೀವಕೋಶ ಸೇರಿಸಿದೆ, ತಡಮಾಡದೆ ಬೆರೆಸಿದೆ. ತಟ್ಟೆಯನ್ನು ಓರೆ ಮಾಡಿದರೆ ಜೆಲ್ ಕದಲಲಿಲ್ಲ. ಅವನು ಮಾತು ಕೊಟ್ಟಂತೆ ಉಸಿರೂ ಬಿಡದೆ ನಿಂತಿದ್ದ.

ಕೆಲವು ದಿನಗಳ ನಂತರ ಒಂದು ಬೆಳಿಗ್ಗೆ ಅದೇ ತಟ್ಟೆಯನ್ನು ಮೈಕ್ರೋಸ್ಕೋಪಿನಡಿ ಇಟ್ಟು ನನ್ನನ್ನು ಕರೆದ. “ನಂಗೆ ಧೈರ್ಯ ಸಾಲ್ತಿಲ್ಲ. ನೀವೇ ನೋಡಿ.”

ಕಣ್ಣಿಟ್ಟೆ. ಮೊದಲು ಏನೂ ಕಾಣಲಿಲ್ಲ. ಆಮೇಲೆ ಒಂದು ಪುಟ್ಟ ಗುಂಪು ಮುದುಡಿತು, ಅರಳಿತು, ಮತ್ತೆ ಮುದುಡಿತು. ಸುತ್ತಲಿನ ಜೆಲ್ಲೂ ಅದರೊಂದಿಗೆ ಮಿಸುಕುತ್ತಿತ್ತು. ಯಾರ ಎದೆಯೊಳಗೂ ಇಲ್ಲ, ಯಾರೂ ಹೇಳಿಕೊಟ್ಟಿಲ್ಲ, ಆದರೂ ಬಡಿಯುತ್ತಿತ್ತು! ಮೈ ಜುಮ್ಮೆಂದಿತು. ಕಣ್ಣು ತುಂಬಿತು.

“ಹೋಯ್ತಾ?” ಎಂದ ಅವನು.

ಕಣ್ಣು ತೆಗೆಯದೆಯೇ ಅವನ ಕೈ ಹುಡುಕಿ ಎಳೆದುಕೊಂಡೆ. ಅಲ್ಲಿ ಕಂಡ ಪ್ರತಿ ಬಡಿತವನ್ನೂ ಅವನ ಅಂಗೈ ಮೇಲೆ ಬೆರಳಿನಿಂದ ತಟ್ಟುತ್ತಾ ಹೋದೆ.

ಅವನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು.

“ನೀವು ನೋಡಲ್ವಾ?” ಕೊನೆಗೂ ಕೇಳಿದೆ.

“ನೋಡ್ತೀನಿ. ನಿಲ್ಲಿಸ್ಬೇಡ,” ಎಂದ ಮೆಲ್ಲಗೆ. “ನೀನಂದ್ರೆ ನಂಗೆ ತುಂಬಾ ಇಷ್ಟ.”

ನನ್ನ ಬೆರಳು ತಾಳ ತಪ್ಪಿತು.