ಕೊಡುಗೆದಾರ

"ನಿಮ್ಮ ಲೈಬ್ರರಿಗೆ ನಾನು ಯಾವಾಗ ಕಣೇ ಪುಸ್ತಕ ದಾನ ಕೊಟ್ಟೆ?"

ಕ್ಯಾಟಲಾಗ್ ವಿಭಾಗದ ಬಾಗಿಲಲ್ಲಿ ಪೇಂಟರ್ ನಿಂತಿದ್ದ. ಯಾವುದೋ ಅಂಗಡಿಯ ಬೋರ್ಡನ್ನು ಅರ್ಧಕ್ಕೇ ಬಿಟ್ಟು ಓಡಿ ಬಂದಿದ್ದ. ಅವನು ಮೇಲೆ ಬಂದರೂ ಉಸಿರು ಇನ್ನೂ ಮೆಟ್ಟಿಲು ಹತ್ತುತ್ತಲೇ ಇತ್ತು.

ಅವಳು ಹೊಸ ಪುಸ್ತಕಗಳ ರಾಶಿಯ ಹಿಂದಿನಿಂದ ಕಣ್ಣೆತ್ತಿದಳು. ಬೇರೆ ದಿನವಾಗಿದ್ದರೆ ಆ ಕಣ್ಣು ಮೊದಲು ಬಾಗಿಲಾಚೆ ಹೋಗಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಆಮೇಲೆ ನಗುತ್ತಿತ್ತು. ಆ ಕಳ್ಳನಗೆಗಾಗಿಯೇ ಅವನು ಒಂದು ವರ್ಷದಿಂದ ಈ ಲೈಬ್ರರಿಯ ಬೋರ್ಡುಗಳನ್ನು ಬೇಕಂತಲೇ ಎಳೆದೆಳೆದು ಬರೆಯುತ್ತಿದ್ದ. 'ಮೌನವಾಗಿರಿ' ಎಂಬುದಕ್ಕೆ ಮೂರು ದಿನ ಹಿಡಿದಿತ್ತು.

"ಏಯ್ ಬ್ರಷ್ಷು, ಮೆಲ್ಲಗೆ! ಏನಾಯ್ತು?"

"ನಿಮ್ಮಣ್ಣ ಏಣಿ ಕೆಳಗೆ ಬಂದು ನಿಂತ. 'ಧರ್ಮಪ್ರಭುಗಳೇ, ಸ್ವಲ್ಪ ಕೆಳಗಿಳೀರಿ' ಅಂದ. ಸುತ್ತ ನಾಲ್ಕು ಜನ ಸೇರಿದ್ರು. ಮೊಬೈಲಲ್ಲಿ ನಿಮ್ಮ ಕ್ಯಾಟಲಾಗ್ ತೆಗೆದು ಆ ಗಿಡಗಳ ಪುಸ್ತಕದ ವಿವರ ಜೋರಾಗಿ ಓದಿದ. ಲೇಖಕ ಅಂತ ಪ್ರೊಫೆಸರ ಹೆಸರು. ಅದರ ಕೆಳಗೆ ನನ್ನ ಹೆಸರು. ಪಕ್ಕದಲ್ಲಿ ಏನಂತೆ? ಕೊಡುಗೆದಾರ! 'ಪುಸ್ತಕ ದಾನ ಕೊಟ್ಬಿಟ್ಟು ಚಿತ್ರ ಬಿಡಿಸಿದ್ದೀನಿ ಅಂತ ಸುಳ್ಳು ಹೇಳ್ತೀಯೇನೋ' ಅಂದ."

ಹಿಂದಿನ ವಾರ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅವಳ ಅಣ್ಣನ ಮುಂದೆ ಕೂತು ಹೆಣ್ಣು ಕೇಳಿದ್ದ. ಓದಿದ್ದೆಷ್ಟು ಎಂದಾಗ ಎಂಟನೇ ಕ್ಲಾಸು ಎಂದಿದ್ದ, ಮುಚ್ಚಿಡಲಿಲ್ಲ. ಗಿಡಗಳ ಪುಸ್ತಕವೊಂದಕ್ಕೆ ನೂರಾ ಹನ್ನೆರಡು ಚಿತ್ರ ಬಿಡಿಸಿದ್ದೇನೆ, ಲೈಬ್ರರಿಯಲ್ಲಿದೆ, ಬೇಕಾದರೆ ನೋಡಿ ಎಂದಿದ್ದ. ಅಣ್ಣ ನೋಡಿದ್ದ. ನೋಡಿದವನೇ ಬೇರೊಂದು ಗಂಡಿನ ಕಡೆಯವರನ್ನು ಈ ಭಾನುವಾರಕ್ಕೆ ಮನೆಗೆ ಕರೆದಿದ್ದ. ಆ ಸುದ್ದಿಯನ್ನೂ ಏಣಿಯ ಕೆಳಗೇ ಹೇಳಿ ಹೋಗಿದ್ದ.

ಅವಳು ತನ್ನ ಕಂಪ್ಯೂಟರಿನ ಪರದೆಯನ್ನು ಅವನತ್ತ ತಿರುಗಿಸಿದಳು.

"ನೋಡು. ಇದು ನಾವು ಕೆಲಸ ಮಾಡೋ ದಾಖಲೆ. ನಿನ್ನ ಹೆಸರಿನ ಪಕ್ಕ ಏನಿದೆ, ಓದು."

'ಚಿತ್ರಕಾರ' ಎಂದಿತ್ತು.

"ನಾನೇ ಹಾಕಿದ್ದು. ಹೊಸ ಸಾಫ್ಟ್‌ವೇರ್ ಬಂದ್ಮೇಲೆ ಇದು ಓದುಗರಿಗೆ ಕಾಣಿಸ್ತಿಲ್ಲ. ಲೇಖಕರನ್ನ ಬಿಟ್ಟು ಮಿಕ್ಕವರು ಯಾರೇ ಆಗ್ಲಿ, ಅನುವಾದಕರು, ಸಂಪಾದಕರು, ನೀನು, ಪುಸ್ತಕಕ್ಕೆ ಕೆಲಸ ಮಾಡಿಕೊಟ್ಟವರು ಅನ್ನೋ ಅರ್ಥದಲ್ಲಿ ಎಲ್ಲರಿಗೂ 'ಕೊಡುಗೆದಾರ' ಅಂತ ಒಂದೇ ಪದ ಬರುತ್ತೆ. ಒಳಗೆ ಇದೆ ಕಣೋ. ಹೊರಗೆ ತೋರಿಸ್ತಿಲ್ಲ, ಅಷ್ಟೇ."

"ಅಷ್ಟೇ!" ಅವನು ಹಲ್ಲು ಕಚ್ಚಿದ. "ಓದಿದವರು ಪದ ತಪ್ಪಿದ್ರೆ ಅದು ಸಾಫ್ಟ್‌ವೇರು. ಓದದವನ ಮೇಲೆ ಅದೇ ತಪ್ಪು ಬಿದ್ರೆ ಅದು ಸುಳ್ಳು. ಚೆನ್ನಾಗಿದೆ ನಿಮ್ಮ ನ್ಯಾಯ."

ಅವಳಿಗೆ ಆ ಮಾತು ಚುಚ್ಚಿತು. ಆ ಪುಸ್ತಕ ಮೊದಲು ಅವಳ ಮೇಜಿಗೆ ಬಂದಾಗ ಅವಳು ಅವನನ್ನು ಕರೆದು ಕೇಳಿದ್ದಳು, ಈ ಜರಿಗಿಡದ ಎಲೆಯಲ್ಲಿ ತೂತು ಯಾಕೆ ಬಿಡಿಸಿದ್ದೀರಿ ಎಂದು. "ಹುಳ ತಿಂದಿತ್ತು ಮೇಡಂ. ಇದ್ದಿದ್ದನ್ನ ಇಲ್ಲ ಅನ್ನೋಕೆ ನನ್ನ ಕೈಗೆ ಬರಲ್ಲ" ಎಂದಿದ್ದ. ಅವತ್ತು ಮನೆಗೆ ಹೋಗುವ ದಾರಿಯಲ್ಲಿ ಅವಳು ಕಂಡ ಕಂಡ ಎಲೆಯನ್ನೆಲ್ಲ ತಿರುವಿ ತಿರುವಿ ನೋಡಿದ್ದಳು.

"ಬೋರ್ಡ್ ಬರೆಯೋನಿಗೆ ಪದದ ಬೆಲೆ ಗೊತ್ತಿಲ್ಲ ಅಂದ್ಕೊಂಡ್ಯಾ?" ಅವನ ದನಿ ಇಳಿದಿತ್ತು. ಇಳಿದಿದ್ದೇ ಹೆಚ್ಚು ಹೆದರಿಸಿತು. "ಬಿಡು. ಕಂಪ್ಯೂಟರಿಗೆ ಬಾಯಿಲ್ಲ. ನಿನಗಿತ್ತಲ್ಲ?"

"ಅಂದ್ರೆ?"

"ನಿಮ್ಮಣ್ಣ ಇದನ್ನ ಮನೇಲೂ ಓದಿ ನಕ್ಕನಂತೆ. ಪಕ್ಕದಲ್ಲೇ ಇದ್ಯಂತೆ ನೀನು. 'ನನ್ನ ತಂಗಿ ಅಲ್ಲೇ ಕೆಲಸ ಮಾಡೋಳು, ಅವಳೇ ಇಲ್ಲ ಅನ್ಲಿಲ್ಲ' ಅಂದ ನನಗೆ."

ಅವಳು ಮೇಜಿನ ಮೇಲಿನ ಪುಸ್ತಕಗಳ ಅಂಚು ಸರಿಮಾಡತೊಡಗಿದಳು. ಸರಿಯಾಗಿಯೇ ಇದ್ದವು.

"ಇವನು ನಿನಗೆ ಗೊತ್ತಾ ಅಂತ ಕೇಳಿದ," ಎಂದಳು ಕೊನೆಗೆ. "ಬೋರ್ಡ್ ಬರೆಯೋಕೆ ಬರ್ತಾನೆ ಅಂದೆ. ಅಷ್ಟೇ ಅಂದೆ. ಅಪ್ಪ ಹೋದ್ಮೇಲೆ ಅವನೇ ಅಲ್ವಾ ನನ್ನ ಸಾಕಿದ್ದು. ಬಾಯಿ ಒಣಗಿ ಹೋಯ್ತು."

ಅವನ ಹತ್ತಿರ ಬೈಗುಳಕ್ಕೇನೂ ಬರವಿರಲಿಲ್ಲ, ದಾರಿಯುದ್ದಕ್ಕೂ ಪೋಣಿಸಿಕೊಂಡೇ ಬಂದಿದ್ದ. ಒಂದೂ ನಾಲಿಗೆಗೆ ಬರಲಿಲ್ಲ.

"ಸರಿ. ಆ ಗಂಡನ್ನೇ ನೋಡು. ಅವನ ಪಕ್ಕ ಡಿಗ್ರಿ ಇರುತ್ತೆ, ಎಲ್ಲರಿಗೂ ಕಾಣುತ್ತೆ," ಎಂದು ತಿರುಗಿದ.

"ನಿಂತ್ಕೋ."

ಅವನು ನಿಲ್ಲಲಿಲ್ಲ. ಮೊಗಸಾಲೆ ದಾಟಿ ಓದುವ ಕೋಣೆಯ ನಡುವೆ ಬಂದಿದ್ದ. ಹಿಂದಿನಿಂದ ಅವಳ ದನಿ ಕೇಳಿಸಿತು, ಫೋನಿಗೆ ಮಾತಾಡುತ್ತಿದ್ದ ದನಿ. ಓದುತ್ತಿದ್ದವರೆಲ್ಲ ತಲೆ ಎತ್ತಿದರು.

"ಅಣ್ಣಾ, ನಾನು. ಆ ಪದಕ್ಕೆ ದಾನ ಅಂತ ಅರ್ಥ ಅಲ್ಲ. ನೂರಾ ಹನ್ನೆರಡು ಚಿತ್ರಾನೂ ಇವರೇ ಬಿಡಿಸಿದ್ದು. ಪುಸ್ತಕದಲ್ಲೇ ಅಚ್ಚಾಗಿದೆ, ದಾಖಲೆಗೆ ಸೇರಿಸಿದ್ದು ನಾನೇ. ಅವತ್ತು ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೆ. ಹೂಂ, ಒಂದು ವರ್ಷದಿಂದ ಗೊತ್ತು. ಭಾನುವಾರ ಅವರನ್ನ ಬರಬೇಡಿ ಅನ್ನು. ಇವರು ಇಲ್ಲೇ ಇದ್ದಾರೆ, ಮಾತಾಡು."

ಇವರು. ಅವನ ಕಾಲು ನೆಲಕ್ಕೆ ಅಂಟಿಕೊಂಡಿತು. ಅವಳ ಬಾಯಲ್ಲಿ ಅವನು ಇದುವರೆಗೆ ಬ್ರಷ್ಷು, ಕತ್ತೆ, ಕೋತಿ ಎಲ್ಲ ಆಗಿದ್ದ. ಹೆಂಡತಿಯರು ಗಂಡಂದಿರಿಗೆ ಅನ್ನುವ ಆ ಮಾತನ್ನು ಅವಳು ಇಷ್ಟು ಜನರ ಮುಂದೆ, ಬಾಗಿಲಾಚೆ ಯಾರಿದ್ದಾರೆಂದು ನೋಡದೆ, ಹೇಳಿಬಿಟ್ಟಿದ್ದಳು.

ಫೋನು ಕೈಗೆ ಬಂತು. ಅವಳ ಬೆರಳು ಅವನ ಅಂಗೈಗೆ ತಾಕಿತು.

"ಅಣ್ಣಾ," ಎಂದ. "ಸಂಜೆ ಪುಸ್ತಕ ತಗೊಂಡು ಮನೆಗೆ ಬರ್ತೀವಿ."

ಆ ಕಡೆಯ ಮಾತು ಕೇಳಿ ಫೋನು ಕೆಳಗಿಳಿಸಿದ.

"ಏನಂದ?"

"ಬಾಗಿಲು ತೆಗೆಯಲ್ಲ ಅಂದ್ರು."

ಅವಳ ಕಣ್ಣು ತುಂಬಿ ಬಂತು. ಸೆರಗಿನಿಂದ ಒತ್ತಿಕೊಂಡು, ಮೂಗೆಳೆದುಕೊಂಡು, ಬ್ಯಾಗಿನೊಳಗೆ ಕೈ ಹಾಕಿ ಏನನ್ನೋ ತಡಕಿದಳು.

"ನನ್ನ ಹತ್ರಾನೂ ಒಂದು ಕೀ ಇದೆ, ನಡಿ," ಎಂದಳು.