ಡೊಮ್ಮಿಯ ಪಕ್ಕ ಒಂದು ನಮೋ ಮರಿಯಾ

“ಜೋಸ್ನಾ! ಬಾರೇ ಇಲ್ಲಿ, ಬೇಗ! ಇದೇನೇ ಇದು?”

ಬಚ್ಚಲಿನಿಂದ ಅಮ್ಮ ಕೂಗಿದಾಗ ಜೋಸ್ನಾ ಟವೆಲ್ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು. ಏನು ಅಂತ ಅವಳಿಗೆ ಗೊತ್ತಿತ್ತು. ನೋಡುವ ಮೊದಲೇ ಗೊತ್ತಿತ್ತು.

ತಮ್ಮ ಡೊಮ್ಮಿ ಮೈತುಂಬ ಸೋಪಿನ ನೊರೆ ಮೆತ್ತಿಕೊಂಡು ಸ್ಟೂಲಿನ ಮೇಲೆ ಕೂತಿದ್ದ. ಅಮ್ಮ ಅವನ ಎಡತೋಳನ್ನು ಎತ್ತಿ ಹಿಡಿದಿದ್ದಳು. ತೋಳಿನ ಒಳಗಡೆ, ಅಂಗಿ ಹಾಕಿದರೆ ಕಾಣದ ಜಾಗದಲ್ಲಿ, ನೀಲಿ ಕಲೆಗಳಿದ್ದವು. ಒಂದು ಹೊಸದು. ಉಳಿದವು ಹಳೆಯವಾಗಿ ಹಳದಿಗೆ ತಿರುಗಿದ್ದವು.

“ಯಾರೋ ಚಿವುಟ್ಯಾರೆ. ನಾನು ನರ್ಸು ಕಣೇ, ನಂಗೆ ಗೊತ್ತಾಗಲ್ವಾ? ಬಿದ್ದ ಗಾಯ ಹಿಂಗಿರಲ್ಲ.” ಅಮ್ಮ ಮಗನ ಕಡೆ ತಿರುಗಿದಳು. “ಡೊಮ್ಮಿ, ಯಾರು ಮಗಾ? ಯಾರು ಹಿಂಗೆ ಮಾಡಿದ್ದು?”

ಡೊಮ್ಮಿ ಅಂಗೈಯಲ್ಲಿದ್ದ ನೊರೆಯನ್ನು ಉಫ್ ಎಂದು ಊದಿದ. ಅವನಿಗೆ ಆರು ವರ್ಷ. ಮಾತು ಬರುವುದಿಲ್ಲ. ನಗು ಬರುತ್ತದೆ, ಅಳು ಬರುತ್ತದೆ, ಬೇಕಾದದ್ದಕ್ಕೆಲ್ಲ “ಊಂ” ಅನ್ನುವುದು ಬರುತ್ತದೆ. ಯಾರ ಹೆಸರನ್ನೂ ಹೇಳಲು ಬರುವುದಿಲ್ಲ.

“ಅಂಗಳದಾಗೆ ಬಿದ್ದಿದ್ದ ಅನ್ಸುತ್ತೆ ಅಮ್ಮ,” ಎಂದಳು ಜೋಸ್ನಾ.

“ಬಿದ್ದಿದ್ದಲ್ಲ ಅಂದ್ನಲ್ಲ! ನಾನು ಡ್ಯೂಟಿಗೆ ಹೋದ್ಮೇಲೆ ಇವನನ್ನ ನೋಡ್ಕೊಳ್ಳೋರು ಯಾರು? ಪಕ್ಕದ ಮನೆ ಉಚ್ಚಂಗಮ್ಮಜ್ಜಿ. ಅಯ್ಯೋ ದೇವರೇ, ಅವರನ್ನ ನಮ್ಮನೆಯೋರು ಅಂತ ನಂಬಿದ್ನಲ್ಲ!”

ಜೋಸ್ನಾ ಬಾಯಿ ತೆರೆದಳು. ಆದರೆ ಟವೆಲನ್ನು ಗೂಟಕ್ಕೆ ಹಾಕಿ ಸುಮ್ಮನೆ ಒಳಗೆ ಬಂದುಬಿಟ್ಟಳು.

ನಿಮ್ಮ ಹತ್ತಿರ ಮುಚ್ಚಿಟ್ಟು ಏನಾಗಬೇಕು? ಚಿವುಟಿದ್ದು ಜೋಸ್ನಾಳೇ.

ಹಾಗಂತ ಅವಳನ್ನು ರಾಕ್ಷಸಿ ಅಂದುಕೊಳ್ಳಬೇಡಿ. ಹೊನ್ನಾಳಿಯ ಸ್ಕೂಲಿನಲ್ಲಿ ಐದನೇ ಕ್ಲಾಸು ಓದುವ, ಎರಡು ಜಡೆಯ, ಪದ್ಯ ಚೆನ್ನಾಗಿ ಹಾಡುವ ಹುಡುಗಿ. ಒಂದು ದಿನ ಅವಳು ಕಷ್ಟಪಟ್ಟು ಬಿಡಿಸಿದ ಡ್ರಾಯಿಂಗ್ ಮೇಲೆ ಡೊಮ್ಮಿ ಸಾರು ಚೆಲ್ಲಿದ. ಕೋಪ ನೆತ್ತಿಗೇರಿ ಅವನ ತೋಳನ್ನು ಚಿವುಟಿದಳು. ಅವನು ಅತ್ತ. ಯಾಕೆ ಅತ್ತ ಅಂತ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗದೇ ಹೋದದ್ದೇ ಕೆಟ್ಟದ್ದಾಯಿತು ನೋಡಿ.

ಆಮೇಲೆ ಕ್ಲಾಸಿನಲ್ಲಿ ಮಿಸ್ ಬೈದ ದಿನ ಚಿವುಟಿದಳು. ಗೆಳತಿ ಚೈತ್ರಾ ಆಟಕ್ಕೆ ಸೇರಿಸಿಕೊಳ್ಳದ ದಿನ ಚಿವುಟಿದಳು. ಲಾರಿ ಓಡಿಸುವ ಅಪ್ಪ ಬರುತ್ತೇನೆಂದು ಹೇಳಿ ಬಾರದ ದಿನವೂ ಚಿವುಟಿದಳು. ಆ ದಿನಗಳಲ್ಲಿ ಡೊಮ್ಮಿ ಏನೂ ಮಾಡಿರಲಿಲ್ಲ. ಹತ್ತಿರ ಬಂದು ಕೂತಿದ್ದ, ಅಷ್ಟೇ.

ಪ್ರತಿ ಸಲವೂ ಆಮೇಲೆ ಅವಳಿಗೇ ಅಳು ಬರುತ್ತಿತ್ತು. ಕ್ರೀಮ್ ಬಿಸ್ಕತ್ತಿನ ಕ್ರೀಮ್ ಇರುವ ಅರ್ಧವನ್ನು ಅವನ ಬಾಯಿಗಿಟ್ಟು, ಗೋಡೆಯ ಮೇಲಿನ ಯೇಸುವಿನ ಪಟದ ಮುಂದೆ ಕೈ ಮುಗಿದು, “ಸ್ವಾಮಿ, ಇದೇ ಲಾಸ್ಟ್, ಪ್ರಾಮಿಸ್,” ಅನ್ನುತ್ತಿದ್ದಳು. ನಿಜವಾಗಿಯೂ ಹಾಗೇ ಅಂದುಕೊಂಡು ಹೇಳುತ್ತಿದ್ದಳು. ಆದರೆ ಮತ್ತೆ ಯಾವಾಗಲೋ ಕೈ ತಾನಾಗಿಯೇ ಹೋಗಿಬಿಡುತ್ತಿತ್ತು.

ಹೊನ್ನಾಳಿಯಲ್ಲಿ ಕಥೋಲಿಕರ ಮನೆಗಳು ಬೆರಳೆಣಿಕೆಯಷ್ಟು. ಹಳೇ ಗೋಡೌನಿಗೆ ಬಿಳಿ ಬಣ್ಣ ಬಳಿದು, ಶಿಲುಬೆ ಇಟ್ಟರೆ ಅದೇ ಚರ್ಚು. ಭಾನುವಾರ ಬೆಳಿಗ್ಗೆ ಶಿವಮೊಗ್ಗದ ಕಡೆಯಿಂದ ಫಾದರ್ ಇನ್ನಾಸಪ್ಪ ಬಸ್ಸಿನಲ್ಲಿ ಬರುತ್ತಾರೆ. ಪೂಜೆಗೆ ಮೊದಲು ಪಾಪನಿವೇದನೆ. ದೊಡ್ಡ ಚರ್ಚುಗಳಲ್ಲಿ ಇರುವಂಥ ಮರದ ಪೆಟ್ಟಿಗೆ ಇಲ್ಲಿಲ್ಲ. ಫಾದರ್ ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಗೋಡೆಗೆ ಮುಖ ಮಾಡಿ, ಕಿವಿ ಈ ಕಡೆ ಕೊಟ್ಟು ಕೂರುತ್ತಾರೆ. ಪಕ್ಕದಲ್ಲಿ ಮಂಡಿಯೂರಿ ಪಾಪಗಳನ್ನು ಹೇಳಬೇಕು.

ಅಲ್ಲಿನ ಮಕ್ಕಳೆಲ್ಲ ಹೇಳುವುದು ಒಂದೇ ಪಾಠ. “ಸುಳ್ಳು ಹೇಳಿದೆ, ಅಪ್ಪ ಅಮ್ಮನ ಮಾತು ಕೇಳಲಿಲ್ಲ, ತಮ್ಮನ ಜೊತೆ ಜಗಳ ಆಡಿದೆ.” ಜೋಸ್ನಾನೂ ಅದನ್ನೇ ಒಂದೇ ಉಸಿರಿಗೆ ಒಪ್ಪಿಸುತ್ತಿದ್ದಳು. ಆಮೇಲೆ ಎಲ್ಲರ ಜೊತೆ ಹೋಗಿ, ಪೂಜೆಯಲ್ಲಿ ಫಾದರ್ ಕೊಡುವ ಪರಮಪ್ರಸಾದಕ್ಕೆ ನಾಲಿಗೆ ಚಾಚುತ್ತಿದ್ದಳು. ಬೇಕಂತಲೇ ಪಾಪ ಮುಚ್ಚಿಟ್ಟು ಪ್ರಸಾದ ತೆಗೆದುಕೊಂಡರೆ ಅದು ಇನ್ನೂ ದೊಡ್ಡ ಪಾಪ ಅಂತ ಧರ್ಮೋಪದೇಶದ ಸಿಸ್ಟರ್ ಹೇಳಿಕೊಟ್ಟಿದ್ದರು. ಅಂದರೆ ಚಿವುಟಿದ್ದು ಒಂದು, ಮುಚ್ಚಿಟ್ಟದ್ದು ಇನ್ನೊಂದು, ಪ್ರಸಾದ ತಿಂದದ್ದು ಮತ್ತೊಂದು. ಇಷ್ಟೆಲ್ಲ ಆದಮೇಲೆ ತನ್ನಂಥವಳ ಕಡೆಗೆ ದೇವರು ತಿರುಗಿಯೂ ನೋಡುವುದಿಲ್ಲ ಅಂತ ಅವಳು ತೀರ್ಮಾನ ಮಾಡಿಬಿಟ್ಟಿದ್ದಳು.

ಡೊಮ್ಮಿಯ ತೋಳು ಕಂಡ ದಿನ ಸಂಜೆಯೇ ಅಮ್ಮ ಉಚ್ಚಂಗಮ್ಮಜ್ಜಿಯ ಮನೆ ಬಾಗಿಲಿಗೆ ಹೋದಳು.

“ಅಜ್ಜಿ, ನಾಳೆಯಿಂದ ನೀವು ಬರಾದು ಬ್ಯಾಡ.”

“ಯಾಕವ್ವಾ? ಏನಾತು?”

“ಡೊಮ್ಮಿ ತೋಳು ನೋಡಿದ್ರಾ? ಬಾಯಿಲ್ಲದ ಕೂಸಿಗೆ ಹಂಗೆ ಚಿವುಟಾಕೆ ಕೈ ಹೆಂಗೆ ಬಂತು ಅಜ್ಜಿ?”

ಅಜ್ಜಿ ಕೂಗಾಡಲಿಲ್ಲ. ಗೋಡೆ ಹಿಡಿದುಕೊಂಡು ನಿಂತಳು. “ನಾನಾ?” ಅಂದಳು. “ನಾನು ಚಿವುಟ್ತೀನಾ? ನನ್ನ ಡೊಮ್ಮಿನಾ?” ಅಷ್ಟು ಹೇಳಿ ಒಳಗೆ ಹೋದಳು.

ಜೋಸ್ನಾ ಕಿಟಕಿಯಿಂದ ಎಲ್ಲವನ್ನೂ ನೋಡಿದಳು. ಅಮ್ಮ ವಾಪಸ್ ಬಂದು ಅವಳ ತಲೆ ಸವರಿದಳು.

“ನಾಳೆಯಿಂದ ನಾನು ಅವನನ್ನ ಆಸ್ಪತ್ರೆಗೇ ಕರ್ಕೊಂಡು ಹೋಗ್ತೀನಿ. ಸ್ಕೂಲ್ ಬಿಟ್ಟಮ್ಯಾಲೆ ನೀನು ಬಂದು ಕರ್ಕೊಂಡು ಬಾ. ನಾನು ಬರೋವರೆಗೂ ಮನ್ಯಾಗೆ ನೋಡ್ಕೊ. ನೀನೊಬ್ಳೇ ಕಣೇ ನಂಗೆ ಧೈರ್ಯ.”

ಡೊಮ್ಮಿಯನ್ನು ಯಾರಿಂದ ಕಾಪಾಡಬೇಕೋ ಅವಳ ಕೈಗೇ ಅಮ್ಮ ಅವನನ್ನು ಒಪ್ಪಿಸಿದ್ದಳು.

ಮೊದಲ ದಿನ ಎಲ್ಲ ಸರಿಯಾಗಿತ್ತು. ಮಂಡಕ್ಕಿ ಕಲಸಿ ಕೊಟ್ಟಳು, ಹಾಡು ಹೇಳಿದಳು. ಆದರೆ ಡೊಮ್ಮಿಗೆ ಉಚ್ಚಂಗಮ್ಮಜ್ಜಿ ಬೇಕಿತ್ತು. ಮರುದಿನ ಬಾಗಿಲ ಹತ್ತಿರ ಹೋಗಿ, “ಊಂ, ಊಂ,” ಅಂತ ಚಿಲಕ ಎಳೆಯತೊಡಗಿದ. ಎಷ್ಟು ಕರೆದರೂ ಬರಲೊಲ್ಲ.

“ಅಜ್ಜಿ ಬರಲ್ಲ ಕಣೋ!”

“ಊಂ!”

“ಬರಲ್ಲ ಅಂದ್ನಲ್ಲ! ಸುಮ್ನಿರೋ!”

“ಊಂ! ಊಂ!”

ಅಜ್ಜಿ ಯಾಕೆ ಬರುವುದಿಲ್ಲ ಅಂತ ಅವಳಿಗಷ್ಟೇ ಗೊತ್ತು. ಅದನ್ನೇ ಅವನು ಮತ್ತೆ ಮತ್ತೆ ಕೇಳುತ್ತಿದ್ದಾನೆ ಅನ್ನಿಸಿತು. ಕೈ ಹೋಯಿತು. ಹಳೇ ಗಾಯದ ಮೇಲೇ ಚಿವುಟಿದಳು.

ಡೊಮ್ಮಿ ಈ ಸಲ ಜೋರಾಗಿ ಅಳಲಿಲ್ಲ. ಎಡತೋಳನ್ನು ಅಂಗಿಯೊಳಗೆ ಎಳೆದುಕೊಂಡು ಮೂಲೆಗೆ ಹೋಗಿ ಕೂತ. ಜೋಸ್ನಾ ಬಿಸ್ಕತ್ತು ತಂದಳು. ಅವನು ಬಿಸ್ಕತ್ತು ನೋಡಲಿಲ್ಲ, ಅದನ್ನು ಹಿಡಿದ ಅವಳ ಕೈಯನ್ನೇ ನೋಡುತ್ತಿದ್ದ.

ಪಟದ ಮುಂದೆ ಹೋಗಲು ಅವಳಿಗೆ ಮುಖವಿರಲಿಲ್ಲ. ಯಾವ ಬಾಯಲ್ಲಿ ಲಾಸ್ಟ್ ಅಂತ ಹೇಳುವುದು? ನಾನು ಹೀಗೇ, ನನಗೆ ಸರಿಹೋಗಲು ಆಗುವುದಿಲ್ಲ ಅಂದುಕೊಂಡಳು. ಬಲಗೈಯನ್ನು ಗೋಡೆಗೆ ಗುದ್ದಿದಳು. ತುಂಬ ನೋವಾಯಿತು. ಆದರೆ ಅದರಿಂದ ಡೊಮ್ಮಿಯ ತೋಳಿನ ನೋವೇನೂ ಕಡಿಮೆಯಾಗಲಿಲ್ಲ.

ಆ ಭಾನುವಾರ ಪೂಜೆ ಮುಗಿದ ಮೇಲೆ ಫಾದರ್‌ಗೆ ತಿಂಡಿ ಕೊಡುವ ಸರದಿ ಜೋಸ್ನಾಳ ಮನೆಯದು. ಅಮ್ಮ ಬೆಳಿಗ್ಗೆಯೇ ಉಪ್ಪಿಟ್ಟಿಗೆ ರವೆ ಹುರಿದಿಟ್ಟಿದ್ದಳು. ಪಾಪ ಹೇಳಿದ ಮೇಲೆ ಅದೇ ಫಾದರ್‌ಗೆ ತಟ್ಟೆ ಇಡಬೇಕಲ್ಲ ಅಂತ ಜೋಸ್ನಾ ಚರ್ಚಿನಲ್ಲಿ ಎಲ್ಲರಿಗಿಂತ ಹಿಂದೆ ನಿಂತಳು.

ಸರದಿ ಬಂದಾಗ ಮಂಡಿಯೂರಿದಳು. “ಸುಳ್ಳು ಹೇಳಿದೆ. ಅಮ್ಮನ ಮಾತು ಕೇಳಲಿಲ್ಲ. ತಮ್ಮನ ಜೊತೆ ಜಗಳ ಆಡಿದೆ.”

ಯಾವಾಗಲೂ “ಹೂಂ” ಅನ್ನುವ ಫಾದರ್ ಈ ಸಲ ಕೇಳಿದರು. “ಜಗಳದಾಗೆ ಅವನೇನು ಮಾಡ್ದ?”

“ಏನೂ ಇಲ್ಲ ಫಾದರ್.”

“ನಿಂಗೆ ಹೊಡೆದ್ನಾ?”

“ಇಲ್ಲ.”

“ಬೈದ್ನಾ?”

“ಅವನಿಗೆ ಮಾತು ಬರಲ್ಲ ಫಾದರ್.”

“ಹಂಗಾದ್ರೆ ಅದು ಜಗಳ ಹೆಂಗಾತಮ್ಮ?”

ಆಗ ಜೋಸ್ನಾ ಬಿಕ್ಕುತ್ತಲೇ ಎಲ್ಲವನ್ನೂ ಹೇಳಿದಳು. ಸಾರು ಚೆಲ್ಲಿದ್ದು, ತೋಳು, ಪ್ರಸಾದ, ಉಚ್ಚಂಗಮ್ಮಜ್ಜಿ, ಎಲ್ಲ. ಫಾದರ್ ಗೋಡೆಯ ಕಡೆಯಿಂದ ಮುಖ ತಿರುಗಿಸಲಿಲ್ಲ.

“ಎಷ್ಟು ಸಲ ಬಿಡ್ತೀನಿ ಅಂದ್ರೂ ಬಿಡಾಕೆ ಆಗಲ್ಲ ಫಾದರ್. ಮತ್ತೆ ಮಾಡಿದ್ರೆ?”

“ಮತ್ತೆ ಬಾ.”

“ಮತ್ತೂ ಮಾಡಿದ್ರೆ?”

“ಮತ್ತೂ ಬಾ. ದೇವರಿಗೆ ನಿನ್ನ ಕ್ಷಮಿಸಿ ಸಾಕಾಗಲ್ಲ. ಆದ್ರೆ ನೋವು ತಿನ್ನೋದು ಡೊಮ್ಮಿ ಅಲ್ವಾ? ನಿನ್ನ ಕೈ ನಿನ್ನ ಮಾತು ಕೇಳದಿದ್ರೆ, ಅದನ್ನ ಹಿಡ್ಕೊಳ್ಳಾಕೆ ಇನ್ಯಾರನ್ನಾದ್ರೂ ಕರೀಬೇಕು.”

ಜೋಸ್ನಾ ಮೂಗು ಒರೆಸಿಕೊಂಡಳು. “ನೀವು ಅಮ್ಮಂಗೆ ಹೇಳ್ತೀರಾ?”

“ಇಲ್ಲ. ಇಲ್ಲಿ ಕೇಳಿದ್ದನ್ನ ನಾನು ಸತ್ರೂ ಯಾರಿಗೂ ಹೇಳಂಗಿಲ್ಲ.” ಫಾದರ್ ಕುರ್ಚಿಯಲ್ಲಿ ಸರಿದು ಕೂತರು. “ಪ್ರಾಯಶ್ಚಿತ್ತಕ್ಕೆ ಒಂದು ನಮೋ ಮರಿಯಾ ಹೇಳು. ತಮ್ಮನ ಪಕ್ಕ ಕೂತು ಹೇಳು.”

ಕ್ಷಮೆಯ ಮಂತ್ರ ಹೇಳಿ ಶಿಲುಬೆಯ ಗುರುತು ಹಾಕಿದರು. ಮಂತ್ರ ಒಂದು ನಿಮಿಷದಲ್ಲಿ ಮುಗಿಯಿತು.

ಮನೆಯಲ್ಲಿ ಫಾದರ್ ಉಪ್ಪಿಟ್ಟು ತಿಂದರು. “ಚಟ್ನಿ ಚೆನ್ನಾಗೈತೆ, ಇನ್ನೊಂಚೂರು ಹಾಕಮ್ಮ,” ಅಂದರು. ಜೋಸ್ನಾ ಅವರ ಮುಖವನ್ನೇ ನೋಡುತ್ತಿದ್ದಳು. ನಿಜ ಹೇಳಬೇಕೆಂದರೆ, ಅವರು ಅಮ್ಮನಿಗೆ ಹೇಳಿಬಿಡಲಿ ಅಂತ ಅವಳಿಗೆ ಒಳಗೊಳಗೇ ಆಸೆಯಿತ್ತು. ದೊಡ್ಡವರು ದೊಡ್ಡವರು ಮಾತಾಡಿಕೊಂಡರೆ ತಾನು ಬಾಯಿ ಬಿಡುವ ಕಷ್ಟ ತಪ್ಪುತ್ತಿತ್ತು. ಆದರೆ ಫಾದರ್ ಮಳೆ ವಿಷಯ ಮಾತಾಡಿದರು, ಬಸ್ಸಿನ ರಶ್ಶಿನ ವಿಷಯ ಮಾತಾಡಿದರು. ಕೈ ತೊಳೆದು, ಡೊಮ್ಮಿಯ ತಲೆ ಮುಟ್ಟಿ ಆಶೀರ್ವಾದ ಮಾಡಿ, ಬಸ್‌ಸ್ಟ್ಯಾಂಡಿಗೆ ಹೊರಟೇಬಿಟ್ಟರು.

ಪ್ರಾಯಶ್ಚಿತ್ತವನ್ನಾದರೂ ಮುಗಿಸೋಣ ಅಂತ ಜೋಸ್ನಾ ಚಾಪೆಯ ಮೇಲೆ ಡೊಮ್ಮಿಯ ಪಕ್ಕ ಕೂತಳು. “ನಮೋ—” ಅನ್ನುವಷ್ಟರಲ್ಲಿ ಅವನ ತೋಳು ಅಂಗಿಯೊಳಗೆ ಹೋಯಿತು. ಎದ್ದು ಬೀರುವಿನ ಹತ್ತಿರ ಹೋಗಿ ಕೂತ. ಅವಳು ಅಲ್ಲಿಗೆ ಹೋದಳು. ಅವನು ಅಡುಗೆಮನೆಗೆ ಓಡಿ ಅಮ್ಮನ ಸೀರೆ ಹಿಡಿದುಕೊಂಡ.

ಮಾತೆ ಮರಿಯಾಳ ಒಂದು ಚಿಕ್ಕ ಜಪ. ಕಣ್ಣು ಮುಚ್ಚಿ ಹೇಳಿದರೂ ಬರುವಂಥದ್ದು. ಅದನ್ನು ಅವನ ಪಕ್ಕ ಕೂತು ಹೇಳಲು ಅವಳಿಂದ ಆಗಲಿಲ್ಲ.

ಅಮ್ಮ ಪಾತ್ರೆ ತೊಳೆಯುತ್ತಿದ್ದಳು.

“ಅಮ್ಮ, ಅಜ್ಜಿ ಅಲ್ಲ.”

“ಏನು ಅಜ್ಜಿ ಅಲ್ಲ?”

“ಚಿವುಟಿದ್ದು. ನಾನು.”

ಅಮ್ಮನ ಕೈಯಲ್ಲಿದ್ದ ತಟ್ಟೆ ಸಿಂಕಿಗೆ ಬಿತ್ತು. ಜೋಸ್ನಾ ಏಟಿಗೆ ಕಾದಳು. ಏಟು ಬೀಳಲಿಲ್ಲ. ಅಮ್ಮ ಕೈ ಒರೆಸಿಕೊಳ್ಳದೆ ಅಲ್ಲೇ ನೆಲದ ಮೇಲೆ ಕೂತು, ಡೊಮ್ಮಿಯನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು. ಬಹಳ ಹೊತ್ತು ಮಗಳ ಮುಖ ನೋಡಲಿಲ್ಲ. ಹೊಡೆದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಜೋಸ್ನಾಳಿಗೆ.

“ಇನ್ಮ್ಯಾಲೆ ನೀನು ಇವನ ಜೊತೆ ಒಬ್ಳೇ ಇರಾದು ಬ್ಯಾಡ,” ಎಂದಳು ಅಮ್ಮ ಕೊನೆಗೆ. ದನಿಯಲ್ಲಿ ಕೋಪವಿರಲಿಲ್ಲ, ಸುಸ್ತಿತ್ತು. “ಕೋಪ ಬಂದ್ರೆ ಹೊರಗೆ ಹೋಗು. ಆಸ್ಪತ್ರೆಗೆ ಓಡಿ ಬಾ. ನಾನು ಯಾವ ಕೆಲಸದಾಗಿದ್ರೂ ಬಾ. ತಿಳೀತಾ?”

“ಹೂಂ.”

“ನಡಿ ಈಗ. ಅಜ್ಜಿ ಹತ್ರ ಇಬ್ರೂ ಹೋಗಾಣ. ನಾನೂ ತಪ್ಪು ಒಪ್ಕೋಬೇಕು.”

ಉಚ್ಚಂಗಮ್ಮಜ್ಜಿ ಎಲ್ಲ ಕೇಳಿಸಿಕೊಂಡಳು. “ಆತು ಬಿಡವ್ವ,” ಅಂದಳು, ಅಷ್ಟೇ. ಮರುದಿನದಿಂದ ಬಂದಳು. ಬಂದದ್ದು ಡೊಮ್ಮಿಗಾಗಿ. ಮೊದಲೆಲ್ಲ ಸ್ಕೂಲಿನಿಂದ ಬಂದ ಕೂಡಲೇ “ಬಂದ್ಯಾ ನನ್ನವ್ವ” ಅನ್ನುತ್ತಿದ್ದವಳು ಈಗ ಜೋಸ್ನಾ ಬಂದರೆ ಅಂಗಳದ ಕಡೆ ನೋಡುತ್ತಿದ್ದಳು.

ದಿನಗಳು ಹೋದವು. ತೋಳಿನ ನೀಲಿ ಹಳದಿಯಾಗಿ, ಹಳದಿ ಮಾಸಿ, ಚರ್ಮ ಮೊದಲಿನ ಹಾಗೇ ಆಯಿತು. ಒಂದು ಸಂಜೆ ಜೋಸ್ನಾಳಿಗೆ ಕೈ ಮತ್ತೆ ಹೋಗುವಷ್ಟು ಕೋಪ ಬಂತು. ಚಪ್ಪಲಿಯನ್ನೂ ಹಾಕದೆ ಆಸ್ಪತ್ರೆಯವರೆಗೆ ಓಡಿದಳು. ಅಮ್ಮ ಇಂಜೆಕ್ಷನ್ ಟ್ರೇ ಹಿಡಿದುಕೊಂಡೇ ಅವಳನ್ನು ನೋಡಿ, ಪಕ್ಕದ ಬೆಂಚು ತೋರಿಸಿದಳು. ಅಮ್ಮ ಡ್ಯೂಟಿ ಮುಗಿಸಿ ಮನೆಗೆ ಹೊರಡುವವರೆಗೂ ಜೋಸ್ನಾ ಅಲ್ಲೇ ಕೂತಿದ್ದಳು.

ನಮೋ ಮರಿಯಾ ಮಾತ್ರ ಹಾಗೇ ಬಾಕಿಯಿತ್ತು.

ಒಂದು ಶನಿವಾರ ಸಂಜೆ ಅಜ್ಜಿ ಡೊಮ್ಮಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. ಜೋಸ್ನಾ ಹತ್ತಿರ ಬಂದಳು. ಅಜ್ಜಿ ಚಾಚಿದ್ದ ಕಾಲನ್ನು ಸ್ವಲ್ಪ ಮಡಚಿಕೊಂಡಳು. ಒಬ್ಬರು ಕೂರುವಷ್ಟು ಜಾಗವಾಯಿತು.

ಜೋಸ್ನಾ ಕೂರಲು ಬಗ್ಗಿದಳು. ಡೊಮ್ಮಿಯ ಎಡತೋಳು ಮೆಲ್ಲಗೆ ಅಂಗಿಯೊಳಗೆ ಸರಿಯಿತು.

ಗಬಕ್ಕನೆ ಕೂತು ಒಂದೇ ಉಸಿರಿಗೆ ಹೇಳಿ ಮುಗಿಸಿಬಿಡಬಹುದಿತ್ತು. ಅಜ್ಜಿ ಅವನನ್ನು ಹಿಡಿದುಕೊಂಡಿದ್ದಳು, ಓಡಿಹೋಗುವ ಹಾಗಿರಲಿಲ್ಲ. ಜೋಸ್ನಾ ಅಂಗಿಯ ಆ ಖಾಲಿ ತೋಳನ್ನು ನೋಡಿದಳು. ಫಾದರ್ ತನ್ನನ್ನು ಕ್ಷಮಿಸಿದ ಸಂಗತಿ ಡೊಮ್ಮಿಗೆ ಗೊತ್ತಿಲ್ಲ. ಅಮ್ಮನಿಗೆ ಹೇಳಿದ್ದೂ ಗೊತ್ತಿಲ್ಲ. ಹೇಳಿದರೆ ತಿಳಿಯುವ ಸಂಗತಿಯೂ ಅದಲ್ಲ.

ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹಿಂದೆ ಸರಿದಳು. ಇನ್ನೂ ಸ್ವಲ್ಪ ಸರಿದಳು. ಅಂಗಳದ ನಲ್ಲಿಯ ಹತ್ತಿರ ಹೋದಾಗ ಡೊಮ್ಮಿಯ ತೋಳು ಅಂಗಿಯಿಂದ ಹೊರಗೆ ಬಂತು.

ಅವನಾಗಿಯೇ ಪಕ್ಕಕ್ಕೆ ಬರಲಿ ಅಂತ, ಜಪ ಶುರು ಮಾಡದೆ ಅವಳು ಅಲ್ಲೇ ಕೂತುಕೊಂಡಳು.